ಬೆರಳು ಬದಲಾಗುತ್ತೆ, ಉಂಗುರ ಬದಲಾಗಲ್ಲ: ಮದುವೆ ಉಂಗುರದ ಅಳತೆ, ಆಕಾರ

ಡ್ರೆಸ್ಡೆನ್‌ನಿಂದ ಮಾತಾಡ್ತಾ ಇದ್ದೀವಿ. ಹೊರಗೆ ಚಳಿ, ಒಳಗೆ ಹೀಟರ್, ಕೈಯಲ್ಲಿ ಕಾಫಿ. ಇವತ್ತಿನ ವಿಷಯಕ್ಕೆ ಈ ಮೂರೂ ಬೇಕಾಗುತ್ತವೆ.

ವಿಷಯ ಬಂದಿದ್ದು ಕೇಳುಗರೊಬ್ಬರ ಪತ್ರದಿಂದ. ಅವರೂ ಇದೇ ಊರಿನಲ್ಲಿ ಇರೋರು. ಜನವರಿಯಲ್ಲಿ ಇಲ್ಲಿನ ಶ್ಟಾಂಡೆಸಾಮ್ಟ್‌ನಲ್ಲಿ, ಅಂದರೆ ಮದುವೆ ನೋಂದಣಿ ಕಚೇರಿಯಲ್ಲಿ ಅವರ ಮದುವೆ. ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ನೆಂಟರಿಷ್ಟರ ಮುಂದೆ ಇನ್ನೊಮ್ಮೆ. ಅವರ ಹತ್ತಿರ ತೀರಿಹೋದ ಅಮ್ಮನ ಒಂದು ಬಳೆ ಇದೆ. 22 ಕ್ಯಾರೆಟ್, 12 ಗ್ರಾಂ. ಅದನ್ನು ಕರಗಿಸಿ ಇಬ್ಬರಿಗೂ ಒಂದೊಂದು ಉಂಗುರ ಮಾಡಿಸೋದು ಅಂತ ತೀರ್ಮಾನ. ಊರಿನ ಆಚಾರ್ರು ಫೋನಿನಲ್ಲಿ ಕೇಳಿದ್ದಾರೆ: “ಬೆರಳಿನ ಅಳತೆ ಕಳಿಸಿ, ಅಗಲ ಎಷ್ಟು, ದಪ್ಪ ಎಷ್ಟು, ಯಾವ ಆಕಾರ ಅಂತ ಹೇಳಿ.” ಪತ್ರದ ಕೊನೆಯ ಸಾಲು ಹೀಗಿದೆ: “ಬಳೆ ಇರೋದು ಒಂದೇ. ಒಂದು ಸಲ ಕರಗಿಸಿದ ಮೇಲೆ ಹಿಂದಕ್ಕೆ ಬರಲ್ಲ. ನೀವು ಜೀವವಿಜ್ಞಾನದವರು, ಬೆರಳಿನ ಬಗ್ಗೆ ಏನಾದರೂ ಹೇಳಿ.”

ಹೇಳೋಣ. ಯಾಕಂದರೆ ಉಂಗುರದ ಅಂಗಡಿಗಳಲ್ಲಿ ಚಿನ್ನದ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ, ಬೆರಳಿನ ಬಗ್ಗೆ ಎರಡು ನಿಮಿಷ.

ಮೊದಲು ಒಂದು ಸಣ್ಣ ಪ್ರಯೋಗ. ಅಂಗೈಯನ್ನು ಮೇಜಿನ ಮೇಲೆ ಇಡಿ. ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿ, ಉಳಿದ ಬೆರಳುಗಳು ಚಾಚಿಕೊಂಡೇ ಇರಲಿ. ಈಗ ಹೆಬ್ಬೆರಳು ಎತ್ತಿ, ತೋರುಬೆರಳು ಎತ್ತಿ, ಕಿರುಬೆರಳು ಎತ್ತಿ. ಎಲ್ಲಾ ಏಳುತ್ತವೆ. ಉಂಗುರ ಬೆರಳು ಎತ್ತಿ ನೋಡೋಣ? ಏಳಲ್ಲ, ಅಲ್ವಾ? ಮುಂಗೈ ಮೇಲೆ ಹಾದುಹೋಗುವ ಸ್ನಾಯುರಜ್ಜುಗಳು ಒಂದಕ್ಕೊಂದು ಅಡ್ಡಪಟ್ಟಿಗಳಿಂದ ಕಟ್ಟಿಕೊಂಡಿವೆ, ಉಂಗುರ ಬೆರಳಿನದು ಪಕ್ಕದವರನ್ನು ಬಿಟ್ಟು ಒಂಟಿಯಾಗಿ ಹೊರಡಲಾರದು. ಈ ಬೆರಳಿನಿಂದ ಒಂದು ನರ ನೇರ ಹೃದಯಕ್ಕೆ ಹೋಗುತ್ತೆ ಅಂತ ಹಳೇ ರೋಮನ್ನರ ನಂಬಿಕೆ ಇತ್ತು. ಅಂಗರಚನೆಯಲ್ಲಿ ಅಂಥ ವಿಶೇಷ ದಾರಿ ಯಾವುದೂ ಇಲ್ಲ, ಎಲ್ಲಾ ಬೆರಳುಗಳದ್ದೂ ಒಂದೇ ಏರ್ಪಾಡು. ಆದರೆ ಒಂಟಿಯಾಗಿ ಕಡಿಮೆ ದುಡಿಯೋ ಬೆರಳು ಅನ್ನೋದು ಉಂಗುರಕ್ಕೆ ಒಳ್ಳೇದೇ. ನಮ್ಮಲ್ಲಿ ದರ್ಭೆಯ ಪವಿತ್ರ ಹಾಕೋದೂ ಬಲಗೈಯ ಇದೇ ಬೆರಳಿಗೆ.

ಬಲಗೈ ಅಂದ ಕೂಡಲೇ ಒಂದು ಎಚ್ಚರಿಕೆ. ಜರ್ಮನಿಯಲ್ಲಿ ಮದುವೆ ಉಂಗುರ ಬಲಗೈಗೆ. ನಿಶ್ಚಿತಾರ್ಥದ್ದು ಎಡಗೈಗೆ. ಸಿನಿಮಾ ನೋಡಿ ನೋಡಿ ನಮ್ಮವರು ಅಳತೆ ಕೊಡೋದು ಎಡಗೈದು. ಸಾಮಾನ್ಯವಾಗಿ ದುಡಿಯೋ ಕೈಯ ಬೆರಳುಗಳು ಇನ್ನೊಂದು ಕೈಯದಕ್ಕಿಂತ ತುಸು ದಪ್ಪ. ಯಾವ ಕೈಗೆ ಹಾಕೋದು ಅಂತ ಮೊದಲು ತೀರ್ಮಾನಿಸಿ, ಆ ಕೈಯನ್ನೇ ಅಳೆಯಿರಿ.

ಈಗ ಬೆರಳಿನ ಆಕಾರಕ್ಕೆ ಬರೋಣ. ಉಂಗುರ ದುಂಡಗಿದೆ, ಬೆರಳು ದುಂಡಗಿಲ್ಲ. ಬುಡದಲ್ಲಿ ಅಂಗೈ ಕಡೆ ಮೆತ್ತನೆ ಮಾಂಸ, ಮೇಲ್ಗಡೆ ಚರ್ಮದ ಕೆಳಗೆ ತಕ್ಷಣ ಸ್ನಾಯುರಜ್ಜು, ಮೂಳೆ. ಮುಷ್ಟಿ ಹಿಡಿದರೆ ಅಂಗೈ ಕಡೆಯ ಮಾಂಸ ಉಬ್ಬುತ್ತೆ. ಅದರ ಮುಂದೆ ಗೆಣ್ಣು, ಅಂದರೆ ಬೆರಳಿನ ನಡುಕೀಲು. ಹೆಚ್ಚಿನವರಲ್ಲಿ ಬುಡಕ್ಕಿಂತ ಗೆಣ್ಣೇ ದಪ್ಪ. ಉಂಗುರ ಕೂರೋದು ಬುಡದಲ್ಲಿ, ಅದನ್ನು ಬೀಳದಂತೆ ಕಾಯೋದು ಗೆಣ್ಣು. ಇದೊಂದು ಮಾತು ನೆನಪಿದ್ದರೆ ಅರ್ಧ ಕೆಲಸ ಆದಂತೆ. ಬುಡದಲ್ಲಿ ಉಂಗುರ ಸಲೀಸಾಗಿ ತಿರುಗಬೇಕು, ಗೆಣ್ಣು ದಾಟುವಾಗ ಸ್ವಲ್ಪ ತಿರುವಿ ಎಳೆಯಬೇಕು. ಕೆಲವರಿಗೆ ಗೆಣ್ಣು ಸಣ್ಣ, ಬುಡವೇ ತುಂಬಿಕೊಂಡಿರುತ್ತೆ. ಅಂಥವರು ಬುಡದ ಅಳತೆಯನ್ನೇ ನಂಬಬೇಕು, ಬೇರೆ ದಾರಿ ಇಲ್ಲ.

ಚಳಿಗಾಲದಲ್ಲಿ ಉಂಗುರ ಸಡಿಲ ಆಗುತ್ತೆ ಅಂತ ಇಲ್ಲಿಗೆ ಬಂದ ಎಲ್ಲರೂ ಹೇಳ್ತಾರೆ. ಲೋಹ ಚಳಿಗೆ ಹಿಗ್ಗೋದಿಲ್ಲ, ಕುಗ್ಗುತ್ತೆ. ಒಳವ್ಯಾಸ 17.2 ಮಿಲಿಮೀಟರ್ ಇರೋ ಚಿನ್ನದ ಉಂಗುರ 30 ಡಿಗ್ರಿಯಿಂದ ಸೊನ್ನೆಗಿಂತ 5 ಡಿಗ್ರಿ ಕೆಳಗೆ ಬಂದರೆ ಕುಗ್ಗೋದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಲೆಕ್ಕಕ್ಕೆ ಬರೋದೇ ಇಲ್ಲ. ಕುಗ್ಗೋದು ಬೆರಳು. ದೇಹ ತನ್ನ ಶಾಖ ಉಳಿಸಿಕೊಳ್ಳೋಕೆ ಮೊದಲು ಮುಚ್ಚೋ ಬಾಗಿಲು ಕೈಬೆರಳು, ಕಾಲ್ಬೆರಳುಗಳದ್ದು. ಬೆರಳ ತುದಿಯಲ್ಲಿ, ಅಂಗೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ನೇರವಾಗಿ ಜೋಡಿಸೋ ಸಣ್ಣ ಅಡ್ಡದಾರಿಗಳಿವೆ. ಸೆಕೆಯಲ್ಲಿ ಅವು ತೆರೆದು ರಕ್ತ ತುಂಬುತ್ತೆ, ಚಳಿಯಲ್ಲಿ ಬಿಗಿದುಕೊಳ್ಳುತ್ತವೆ. ಇದರ ಮೇಲೆ ಇನ್ನೊಂದು ಚಮತ್ಕಾರ. ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದ್ದು: ಬೆರಳನ್ನು ಹಿಮದ ನೀರಿನಲ್ಲಿ ಇಟ್ಟರೆ ಮೊದಲು ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಕೆಲವು ನಿಮಿಷದ ನಂತರ ತಾವಾಗಿಯೇ ತೆರೆದು ಬೆರಳು ಬಿಸಿಯಾಗುತ್ತೆ, ಮತ್ತೆ ಮುಚ್ಚುತ್ತವೆ. ಅಂದರೆ ಒಂದೇ ಮಧ್ಯಾಹ್ನದಲ್ಲಿ, ಎಲ್ಬೆ ನದಿಯ ಸೇತುವೆ ಮೇಲೆ ಒಂದು ಅಳತೆ, ಮನೆಗೆ ಬಂದು ಹೀಟರ್ ಮುಂದೆ ಕೂತಾಗ ಇನ್ನೊಂದು ಅಳತೆ. ಇದಲ್ಲದೆ ಬೆಳಿಗ್ಗೆ ಎದ್ದಾಗ, ಉಪ್ಪಿನಕಾಯಿ ಜಾಸ್ತಿ ತಿಂದಾಗ, ದೂರದ ವಿಮಾನ ಪ್ರಯಾಣದಲ್ಲಿ, ಬಸುರಿನಲ್ಲಿ ಬೆರಳು ಊದೋದು ಎಲ್ಲರಿಗೂ ಗೊತ್ತಿರೋದೇ.

ಹಾಗಾದರೆ ಯಾವ ಕಡೆಗೆ ತಪ್ಪಿದರೆ ವಾಸಿ? ಸಡಿಲ ಆದರೆ ಉಂಗುರ ಹೋಗಬಹುದು. ಬಿಗಿ ಆದರೆ ಬೆರಳೇ ಹೋಗಬಹುದು. ಇದು ಉತ್ಪ್ರೇಕ್ಷೆ ಅಲ್ಲ, ಕೇಳಿ. ಬೆರಳಿಗೆ ರಕ್ತ ತರೋ ಅಪಧಮನಿಯಲ್ಲಿ ಒತ್ತಡ ಹೆಚ್ಚು, ವಾಪಸ್ ಒಯ್ಯೋ ಅಭಿಧಮನಿಯಲ್ಲಿ ಬಹಳ ಕಡಿಮೆ. ಬಿಗಿಯಾದ ಉಂಗುರ ಮೊದಲು ಹಿಸುಕೋದು ಈ ಕಡಿಮೆ ಒತ್ತಡದ ನಾಳವನ್ನು. ರಕ್ತ ಒಳಗೆ ಬರ್ತಾ ಇರುತ್ತೆ, ಹೊರಗೆ ಹೋಗೋದು ನಿಧಾನವಾಗುತ್ತೆ. ಬೆರಳು ಊದುತ್ತೆ. ಊದಿದಷ್ಟೂ ಉಂಗುರ ಇನ್ನೂ ಬಿಗಿ. ಬಿಗಿಯಾದಷ್ಟೂ ಊತ ಇನ್ನೂ ಜಾಸ್ತಿ. ತನ್ನನ್ನು ತಾನೇ ಬೆಳೆಸಿಕೊಳ್ಳೋ ಸುಳಿ ಇದು. ಅದಕ್ಕೇ ಕೈಗೆ ಜೇನು ಕಚ್ಚಿದರೆ, ಬೆರಳಿಗೆ ಪೆಟ್ಟು ಬಿದ್ದರೆ, ನೋವು ನೋಡೋಕೂ ಮುಂಚೆ ಉಂಗುರ ತೆಗೀರಿ. ಹತ್ತು ನಿಮಿಷ ಬಿಟ್ಟು ತೆಗೆಯೋಕೆ ಆಗದೇ ಇರಬಹುದು.

ಸಿಕ್ಕಿಹಾಕಿಕೊಂಡರೆ ಕೈ ಮೇಲೆತ್ತಿ, ತಣ್ಣೀರಿನಲ್ಲಿ ಅದ್ದಿ, ಸೋಪು ಹಚ್ಚಿ ತಿರುವಿ. ಬೆರಳ ತುದಿ ನೀಲಿಯಾದರೆ, ಜೋಮು ಹಿಡಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಸಣ್ಣ ಗರಗಸದಿಂದ ಕತ್ತರಿಸ್ತಾರೆ. ಚಿನ್ನ ಸುಲಭವಾಗಿ ಕತ್ತರಿಸಿಕೊಳ್ಳುತ್ತೆ, ಮತ್ತೆ ಬೆಸೆದುಕೊಳ್ಳುತ್ತೆ. ಟೈಟಾನಿಯಂ ಉಂಗುರಕ್ಕೆ ಇನ್ನೂ ಗಟ್ಟಿ ಸಲಕರಣೆ ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಅಂತೂ ಕತ್ತರಿಸೋದಿಲ್ಲ, ಇಕ್ಕಳದಲ್ಲಿ ಒತ್ತಿ ಬಿರುಕು ಬಿಡಿಸಬೇಕು. ಇಲ್ಲಿನ ಅಂಗಡಿಗಳಲ್ಲಿ ಆ ಕಪ್ಪು ಉಂಗುರಗಳು ಚೆನ್ನಾಗಿ ಮಿಂಚುತ್ತವೆ, ಬೆಲೆಯೂ ಕಡಿಮೆ. ಆದರೆ ಅಳತೆ ಬದಲಿಸೋಕೆ ಬರಲ್ಲ ಅನ್ನೋದನ್ನು ನೆನಪಿಡಿ.

ಸರಿ, ಅಳೆಯೋದು ಹೇಗೆ? ಮನೆಯಲ್ಲಿ ಎಲ್ಲರೂ ಮಾಡೋದು ದಾರ ಸುತ್ತಿ ಅಳೆಯೋದು. ಅದರಲ್ಲಿ ಒಂದು ಗಣಿತದ ಗುಂಡಿ ಇದೆ. ದಾರ 1 ಮಿಲಿಮೀಟರ್ ದಪ್ಪ ಇದೆ ಅಂದುಕೊಳ್ಳಿ. ಬೆರಳಿನ ಸುತ್ತ ಅದು ಹಾದುಹೋಗೋ ವೃತ್ತದ ವ್ಯಾಸ ಬೆರಳಿಗಿಂತ 1 ಮಿಲಿಮೀಟರ್ ಜಾಸ್ತಿ. ಸುತ್ತಳತೆಯಲ್ಲಿ ಅದು ಪೈ ಪಟ್ಟು, ಅಂದರೆ 3.14 ಮಿಲಿಮೀಟರ್ ಜಾಸ್ತಿ. ಜರ್ಮನಿಯಲ್ಲಿ ಉಂಗುರದ ಅಳತೆ ಅಂದರೆ ಒಳಸುತ್ತಳತೆ ಎಷ್ಟು ಮಿಲಿಮೀಟರ್ ಅನ್ನೋದು. 54 ಅಂದರೆ 54 ಮಿಲಿಮೀಟರ್. ಹಾಗಾಗಿ ನಿಮ್ಮ ದಾರ ನಿಮ್ಮನ್ನು ಮೂರು ಅಳತೆ ದೂರಕ್ಕೆ ಒಯ್ದುಬಿಡುತ್ತೆ. ದಾರವನ್ನು ಬಿಗಿಯಾಗಿ ಎಳೆದರೆ ಮಾಂಸ ಒಳಗೆ ಹೋಗಿ ತಪ್ಪು ಉಲ್ಟಾ ದಿಕ್ಕಿಗೆ. ಎರಡೂ ಸೇರಿ ಎಷ್ಟು ಬರುತ್ತೋ ದೇವರೇ ಬಲ್ಲ. ಕಾಗದದ ಪಟ್ಟಿ ಎಷ್ಟೋ ವಾಸಿ. ಅದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ, ತಪ್ಪು ಬರೀ 0.3.

ಅಳತೆಯ ಈ ಸೂಕ್ಷ್ಮಕ್ಕೂ ಈ ಸೀಮೆಗೂ ನಂಟಿದೆ ಅನ್ನೋದು ನಮಗೆ ಇಷ್ಟದ ಸಂಗತಿ. ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಅಡಾಲ್ಫ್ ಲಾಂಗೆ 1845ರಲ್ಲಿ ಹತ್ತಿರದ ಗ್ಲಾಸ್‌ಹ್ಯೂಟೆಯಲ್ಲಿ ಗಡಿಯಾರದ ಕಾರ್ಖಾನೆ ಶುರುಮಾಡಿದವರು. ಆಗ ಗಡಿಯಾರದವರು ಬಳಸ್ತಾ ಇದ್ದ ಪ್ಯಾರಿಸ್ಸಿನ ಹಳೇ ಮಾನ ಬಿಟ್ಟು ಮಿಲಿಮೀಟರ್ ತಂದವರು ಅವರು. ಉಂಗುರದ ಲೋಕಕ್ಕೆ ಆ ಶಿಸ್ತು ಇನ್ನೂ ಪೂರ್ತಿ ಬಂದಿಲ್ಲ. ಅಮೆರಿಕದಲ್ಲಿ 7 ಅಂತಾರೆ, ಇಂಗ್ಲೆಂಡಿನಲ್ಲಿ ಅಕ್ಷರಗಳು, ನಮ್ಮಲ್ಲಿ 12, 14, 16 ಅಂತ ನಂಬರು. ನಮ್ಮ ನಂಬರುಗಳು ಅಂಗಡಿಯಿಂದ ಅಂಗಡಿಗೆ ಅಷ್ಟಿಷ್ಟು ಬೇರೆ. ಅದಕ್ಕೇ ಆಚಾರ್ರಿಗೆ ನಂಬರು ಹೇಳಬೇಡಿ. ಒಳವ್ಯಾಸ ಇಷ್ಟು ಮಿಲಿಮೀಟರ್ ಅಂತ ಹೇಳಿ. ವರ್ನಿಯರ್ ಕ್ಯಾಲಿಪರ್ ಹಿಡಿದು ಅವರೇ ನೋಡಿಕೊಳ್ತಾರೆ.

ನಿಮ್ಮ ಬೀದಿಯ ಗೋಲ್ಡ್‌ಶ್ಮೀಡ್ ಹತ್ತಿರ, ಅಂದರೆ ಇಲ್ಲಿನ ಅಕ್ಕಸಾಲಿಗರ ಹತ್ತಿರ ಹೋದರೆ ಕೀಲಿಗೊಂಚಲಿನ ಹಾಗೆ ಅಳತೆ ಉಂಗುರಗಳ ಗೊಂಚಲು ಇರುತ್ತೆ. ಕೇಳಿ ಹಾಕಿ ನೋಡಿ. ಒಂದು ಮಾತು ಮರೆಯಬೇಡಿ: ನೀವು ಮಾಡಿಸೋ ಉಂಗುರದಷ್ಟೇ ಅಗಲದ ಗೊಂಚಲು ಕೇಳಿ. ಅಗಲ ಉಂಗುರ ಅದೇ ಅಳತೆಯಲ್ಲೂ ಬಿಗಿ ಅನ್ನಿಸುತ್ತೆ. ಮಾಂಸವನ್ನು ಒತ್ತಿದರೆ ಅದು ಕುಗ್ಗೋದಿಲ್ಲ, ಪಕ್ಕಕ್ಕೆ ಸರಿಯುತ್ತೆ. 2 ಮಿಲಿಮೀಟರಿನ ತಂತಿಯಂಥ ಉಂಗುರದ ಎರಡೂ ಪಕ್ಕಕ್ಕೆ ಸರಿಯೋಕೆ ಜಾಗ ಇದೆ. 6 ಮಿಲಿಮೀಟರ್ ಅಗಲದ ಪಟ್ಟಿಯ ಕೆಳಗೆ ಅಷ್ಟು ಜಾಗ ಇಲ್ಲ. ಒಂದೇ ದಿನ ಅಳೆದು ಮುಗಿಸಬೇಡಿ. ಬೆಚ್ಚಗಿನ ಕೋಣೆಯಲ್ಲಿ, ಸಂಜೆ ಹೊತ್ತು, ಮೂರ್ನಾಲ್ಕು ದಿನ. ಹೊರಗಿನಿಂದ ಬಂದ ಕೂಡಲೇ ಒಂದು ಸಲ. ಸಂಜೆಯದರಲ್ಲಿ ಸಲೀಸಾಗಿ ತಿರುಗಬೇಕು, ಚಳಿಯದರಲ್ಲಿ ಕೈ ಕೊಡವಿದರೆ ಗೆಣ್ಣಿನ ಹತ್ತಿರ ನಿಲ್ಲಬೇಕು. ಎರಡೂ ಆಗೋ ಅಳತೆ ಸಿಗದೇ ಇದ್ದರೆ ದೊಡ್ಡದನ್ನೇ ಆರಿಸಿ. ಸಡಿಲ ಉಂಗುರದ ಒಳಗಡೆ ಎರಡು ಸಣ್ಣ ಚಿನ್ನದ ಗುಂಡು ಬೆಸೆದರೆ ನಿಲ್ಲುತ್ತೆ.

ಈಗ ಅಮ್ಮನ ಬಳೆ. ಪತ್ರ ಬರೆದವರ ಅಳತೆ 54, ಒಳವ್ಯಾಸ 17.2 ಮಿಲಿಮೀಟರ್. ಅವರ ಸಂಗಾತಿಯದು 63, ಒಳವ್ಯಾಸ 20. ಉಂಗುರ ಅಂದರೆ ಸುತ್ತಿದ ಒಂದು ಪಟ್ಟಿ. ಅಗಲ, ದಪ್ಪ, ಸರಾಸರಿ ವ್ಯಾಸ, ಪೈ, ಇವನ್ನು ಗುಣಿಸಿದರೆ ಗಾತ್ರ. ಅದನ್ನು ಸಾಂದ್ರತೆಯಿಂದ ಗುಣಿಸಿದರೆ ತೂಕ. 22 ಕ್ಯಾರೆಟ್ ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 17.7 ಗ್ರಾಂ. ಅಗಲ 3, ದಪ್ಪ 1.6 ಇಟ್ಟರೆ ಎರಡೂ ಉಂಗುರ ಸೇರಿ 10.8 ಗ್ರಾಂ ಆಗುತ್ತೆ. ಅರ ಹಾಕಿ ಉಜ್ಜುವಾಗ ಹೋಗೋದಕ್ಕೆ ಸ್ವಲ್ಪ ಉಳಿಯಿತು. ಅಗಲ 4 ಬೇಕು ಅಂದರೆ 14 ಗ್ರಾಂ ದಾಟುತ್ತೆ, ಬಳೆ ಸಾಲದು.

ಇಲ್ಲಿ ಎಲ್ಲರಿಗೂ ಬರೋ ಯೋಚನೆ, ದಪ್ಪ ಕಡಿಮೆ ಮಾಡಿ ಅಗಲ ಜಾಸ್ತಿ ಮಾಡೋಣ, ನೋಡೋಕೆ ದೊಡ್ಡದಾಗಿ ಕಾಣುತ್ತೆ ಅಂತ. ಬೇಡ. ಪಟ್ಟಿ ಬಾಗದಂತೆ ತಡೆಯೋ ಶಕ್ತಿ ಅಗಲದ ಜೊತೆ ನೇರವಾಗಿ ಏರುತ್ತೆ, ದಪ್ಪದ ಜೊತೆ ಮೂರನೇ ಘಾತದಲ್ಲಿ ಏರುತ್ತೆ. ದಪ್ಪ ಎರಡು ಪಟ್ಟಾದರೆ ಗಡಸು ಎಂಟು ಪಟ್ಟು. 5 ಅಗಲ 0.9 ದಪ್ಪದ ಉಂಗುರಕ್ಕೂ 3 ಅಗಲ 1.5 ದಪ್ಪದ ಉಂಗುರಕ್ಕೂ ಬೇಕಾಗೋ ಚಿನ್ನ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದು ಸುಮಾರು ಎರಡೂ ಮುಕ್ಕಾಲು ಪಟ್ಟು ಗಟ್ಟಿ. ತೆಳು ಉಂಗುರ ಸೂಟ್‌ಕೇಸಿನ ಹಿಡಿಕೆ ಎತ್ತಿದಾಗಲೇ ಮೊಟ್ಟೆಯಾಕಾರ ಆಗುತ್ತೆ, 22 ಕ್ಯಾರೆಟ್ ಮೊದಲೇ ಮೆತ್ತಗೆ.

ಇನ್ನೊಂದು ದಾರಿ ಇದೆ, ನಮಗೆ ಅದೇ ಹೆಚ್ಚು ಸರಿ ಅನ್ನಿಸೋದು. ಬಳೆಯ ಚಿನ್ನಕ್ಕೆ ಬೆಳ್ಳಿ, ತಾಮ್ರ ಸೇರಿಸಿ 18 ಕ್ಯಾರೆಟ್ ಮಾಡೋದು. “ಅಮ್ಮನ ಚಿನ್ನವನ್ನು ಕಲಬೆರಕೆ ಮಾಡೋದಾ?” ಅಂತ ಮನೆಯಲ್ಲಿ ದೊಡ್ಡವರು ಕೇಳಬಹುದು. ಲೆಕ್ಕ ನೋಡಿ. 12 ಗ್ರಾಂ ಬಳೆಯಲ್ಲಿ ಶುದ್ಧ ಚಿನ್ನ 11 ಗ್ರಾಂ, ಉಳಿದ ಒಂದು ಗ್ರಾಂ ಆಗಲೇ ಬೇರೆ ಲೋಹ. 18 ಕ್ಯಾರೆಟ್ ಮಾಡಿದರೆ ಆ 11 ಗ್ರಾಂ ಅಷ್ಟೂ ಹಾಗೇ ಇರುತ್ತೆ, ಒಟ್ಟು ತೂಕ ಸುಮಾರು 14.7 ಗ್ರಾಂ ಆಗುತ್ತೆ. ಈ ಮಿಶ್ರಣ ಹಗುರ, ಸಾಂದ್ರತೆ ಸುಮಾರು 15.5. ಹಾಗಾಗಿ ಗಾತ್ರ ನೂರಕ್ಕೆ 40ರಷ್ಟು ಜಾಸ್ತಿ. ಅಗಲ 4, ದಪ್ಪ 1.6 ಇಟ್ಟು ಎರಡೂ ಉಂಗುರ ಮಾಡಿದರೂ ಸುಮಾರು 12.5 ಗ್ರಾಂ ಸಾಕು, ಎರಡು ಗ್ರಾಂ ಮಿಗುತ್ತೆ. ಉಂಗುರ ಗಟ್ಟಿಯೂ ಹೌದು. ಜರ್ಮನಿಯ ಅಂಗಡಿಗಳಲ್ಲಿ 750 ಅಂತ ಮುದ್ರೆ ಇರೋದು ಇದಕ್ಕೇ, 585 ಅಂದರೆ 14 ಕ್ಯಾರೆಟ್. ಬಣ್ಣ ಬಳೆಗಿಂತ ತುಸು ತಿಳಿಯಾಗುತ್ತೆ, ಅದನ್ನು ಒಪ್ಪಿಕೊಳ್ಳಬೇಕು. ನಿಕ್ಕಲ್ ಮಾತ್ರ ಸೇರಿಸಬೇಡಿ ಅಂತ ಆಚಾರ್ರಿಗೆ ಹೇಳಿ. ಬಿಳಿ ಚಿನ್ನದಲ್ಲಿ ಅದು ಕೆಲವೊಮ್ಮೆ ಇರುತ್ತೆ, ಚರ್ಮಕ್ಕೆ ಅಲರ್ಜಿ ತರುತ್ತೆ. ಯುರೋಪಿನ ನಿಯಮದ ಪ್ರಕಾರ ಇಂಥ ಒಡವೆಯಿಂದ ಹೊರಬರೋ ನಿಕ್ಕಲ್ ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂ ದಾಟಬಾರದು.

ದಿನಾ ಹಾಕಿದರೆ ಸವೆಯಲ್ವಾ ಅಂತ ಕೇಳ್ತೀರಿ. ಇದನ್ನು ಅಳೆದವರಿದ್ದಾರೆ. ವಿಯೆನ್ನಾದ ರಸಾಯನ ವಿಜ್ಞಾನಿ ಗೇಯೋರ್ಗ್ ಸ್ಟೈನ್‌ಹೌಸರ್ ತಮ್ಮದೇ 18 ಕ್ಯಾರೆಟ್ ಮದುವೆ ಉಂಗುರವನ್ನು ಒಂದು ವರ್ಷ ವಾರವಾರವೂ ತೂಗಿ 2008ರಲ್ಲಿ ಪ್ರಕಟಿಸಿದರು. ವಾರಕ್ಕೆ ಸರಾಸರಿ 0.12 ಮಿಲಿಗ್ರಾಂ, ವರ್ಷಕ್ಕೆ ಸುಮಾರು 6 ಮಿಲಿಗ್ರಾಂ ಸವೆತ. ಮರಳಿನ ಕಡಲತೀರಕ್ಕೆ ಹೋದ ವಾರ ಜಾಸ್ತಿ. (ಹೆಂಡತಿ ಏನಂದರು ಅಂತ ಪ್ರಬಂಧದಲ್ಲಿ ಹುಡುಕಬೇಡಿ.) ಆ ಲೆಕ್ಕವನ್ನು ನಮ್ಮ 4 ಮಿಲಿಮೀಟರ್ ಅಗಲದ ಉಂಗುರಕ್ಕೆ ಹಚ್ಚಿದರೆ ಹೊರಮೈ ವರ್ಷಕ್ಕೆ ಒಂದೂವರೆ ಮೈಕ್ರೋಮೀಟರಿನಷ್ಟು ಸವೆಯುತ್ತೆ. 50 ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. 1.6 ದಪ್ಪ ಮೊಮ್ಮಕ್ಕಳವರೆಗೂ ಬರುತ್ತೆ. ಚೂಪು ಅಂಚುಗಳು, ಮೇಲಿನ ಕೆತ್ತನೆ ಮಾತ್ರ ಬೇಗ ಮಾಸುತ್ತವೆ. ಹೆಸರು ಕೆತ್ತಿಸೋದಾದರೆ ಒಳಗಡೆ.

ಉಳಿದಿದ್ದು ಅಡ್ಡಕೊಯ್ತದ ಆಕಾರ. ಒಳಮೈ ಚಪ್ಪಟೆ ಇದ್ದರೆ ಎರಡು ಅಂಚೂ ಚರ್ಮಕ್ಕೆ ಒತ್ತುತ್ತವೆ. ಒಳಮೈ ನಡುವೆ ತುಸು ಉಬ್ಬಿ ಅಂಚುಗಳು ದುಂಡಾಗಿದ್ದರೆ ಗೆಣ್ಣು ದಾಟೋದು ಸುಲಭ, ಕೆಳಗೆ ಗಾಳಿ ಆಡುತ್ತೆ. ಉಂಗುರದ ಕೆಳಗೆ ತುರಿಕೆ ಬಂದರೆ ಎಲ್ಲರೂ ಚಿನ್ನವನ್ನು ಬೈತಾರೆ, ಎಷ್ಟೋ ಸಲ ಕಾರಣ ಅಲ್ಲಿ ನಿಂತ ಸೋಪುನೀರು. ಹೊರಮೈಯೂ ದುಂಡಗಿದ್ದರೆ ಪಕ್ಕದ ಬೆರಳುಗಳಿಗೆ ಹಿತ. ದಪ್ಪ 2 ಮಿಲಿಮೀಟರ್ ದಾಟಿದರೆ ಬೆರಳುಗಳು ಸೇರೋದೇ ಇಲ್ಲ. ನಮ್ಮ ವಂಕಿ ಉಂಗುರ ಇಲ್ಲಿ ಯೋಚನೆಗೆ ಬರುತ್ತೆ. ಬಾಣದ ತುದಿಯಂಥ ಅದರ ಆಕಾರ ಮೇಲ್ಗಡೆ ಚಂದ, ಆದರೆ ಆ ಮೂಲೆಗೆ ಉಣ್ಣೆಯ ಕೈಗವಸಿನ ಎಳೆ ಸಿಕ್ಕಿಕೊಳ್ಳುತ್ತೆ.

ಕೈಗವಸು ಮತ್ತು ಉಂಗುರದ ಜಗಳ ಹೊಸದೇನಲ್ಲ. ಸ್ಯಾಕ್ಸನಿಯ ಆಸ್ಥಾನ ಚಿತ್ರಕಾರ ಲೂಕಾಸ್ ಕ್ರಾನಾಖ್ ಬರೆದ ಯೂಡಿತ್ ಚಿತ್ರಗಳಲ್ಲಿ ಕೈಗವಸುಗಳನ್ನೇ ಅಲ್ಲಲ್ಲಿ ಸೀಳಿದ್ದಾರೆ, ಒಳಗಿನ ಉಂಗುರಗಳು ಕಾಣಲಿ ಅಂತ. 1525ರಲ್ಲಿ ಮಾರ್ಟಿನ್ ಲೂಥರ್ ಅವರನ್ನು ಮದುವೆಯಾದ ಕಾಥರೀನಾ ಫಾನ್ ಬೋರಾ ಅವರ ಉಂಗುರ ಪಕ್ಕದ ಲೈಪ್‌ಸಿಗ್‌ನ ವಸ್ತುಸಂಗ್ರಹಾಲಯದಲ್ಲಿದೆ. ಮೇಲೆ ಶಿಲುಬೆಯ ದೃಶ್ಯ, ಕೆಂಪು ಮಾಣಿಕ್ಯ. ಅಂಥ ಎತ್ತರದ ಉಂಗುರದ ಮೇಲೆ ಪ್ರಯೋಗಾಲಯದ ತೆಳು ಕೈಗವಸು ಹಾಕಿದರೆ ಐದು ನಿಮಿಷಕ್ಕೆ ಹರಿಯುತ್ತೆ. ಜರ್ಮನಿಯ ಆಸ್ಪತ್ರೆಗಳಲ್ಲಿ ಕೈ ಸೋಂಕುನಿವಾರಣೆ ಬೇಕಾದ ಕೆಲಸದ ವೇಳೆ ಮದುವೆ ಉಂಗುರವೂ ನಿಷಿದ್ಧ. ದ್ರವ ಸಾರಜನಕದ ಹತ್ತಿರ ಹೋಗೋ ನಮ್ಮಂಥವರೂ ಬಿಚ್ಚಿಟ್ಟೇ ಹೋಗೋದು. ದಿನಾ ಹತ್ತು ಸಲ ತೆಗೆದು ಹಾಕೋರಿಗೆ ನುಣುಪಾದ, ಕಲ್ಲಿಲ್ಲದ ಪಟ್ಟಿಯೇ ಸರಿ.

ಎತ್ತರಕ್ಕೆ ಇನ್ನೊಂದು ಅಪಾಯ. ಉಂಗುರ ಎಲ್ಲಾದರೂ ಸಿಕ್ಕಿಕೊಂಡು ದೇಹದ ಭಾರ ಅದರ ಮೇಲೆ ಬಿದ್ದರೆ ಚರ್ಮ, ನಾಳ, ನರ ಎಲ್ಲ ಒಟ್ಟಿಗೆ ಕಿತ್ತುಬರಬಹುದು. ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಫಾಲನ್‌ಗೆ 2015ರಲ್ಲಿ ಆಗಿದ್ದು ಅದೇ, ಅಡುಗೆಮನೆಯಲ್ಲಿ ಎಡವಿ. ಬೆರಳು ಉಳಿಸೋಕೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಬೇಲಿ ಹತ್ತುವಾಗ, ಬಂಡೆ ಏರುವಾಗ, ಜಿಮ್‌ನಲ್ಲಿ ಕಂಬಿ ಹಿಡಿಯುವಾಗ ಉಂಗುರ ಜೇಬಿನಲ್ಲಿರಲಿ. ಡ್ರೆಸ್ಡೆನ್ ಹತ್ತಿರದ ಮರಳುಗಲ್ಲಿನ ಬೆಟ್ಟಗಳಿಗೆ ವಾರಾಂತ್ಯ ಹೋಗೋರಿಗೆ ವಿಶೇಷವಾಗಿ ಹೇಳ್ತಾ ಇದ್ದೀವಿ. ನಮ್ಮ ಅಜ್ಜಿಯಂದಿರ ಕಾಲುಂಗುರ ನೋಡಿ, ಎಷ್ಟೋ ಕಾಲುಂಗುರಗಳ ಎರಡು ತುದಿ ಸೇರಿರೋದೇ ಇಲ್ಲ. ಬೆರಳು ಊದಿದರೆ ಬಿಚ್ಚಿಕೊಳ್ಳುತ್ತೆ, ಒತ್ತಿದರೆ ಬಿಗಿಯುತ್ತೆ. ಪವಿತ್ರವೂ ಹಾಗೇ, ಜೋರಾಗಿ ಎಳೆದರೆ ಹುಲ್ಲು ಹರಿಯುತ್ತೆ. ಕೈಯುಂಗುರ ಮಾತ್ರ ಮುಚ್ಚಿದ ವೃತ್ತ.

ವಯಸ್ಸಾದಂತೆ ಗೆಣ್ಣು ದಪ್ಪವಾಗೋದು ಸಾಮಾನ್ಯ, ಸಂಧಿವಾತ ಇದ್ದರಂತೂ ಇನ್ನೂ ಹೆಚ್ಚು. ಸುತ್ತಲೂ ಕಲ್ಲು ಕೂರಿಸಿದ ಉಂಗುರವನ್ನು ದೊಡ್ಡದು ಮಾಡೋದು ಕಷ್ಟ. ಸಾದಾ ಚಿನ್ನದ ಪಟ್ಟಿಯನ್ನು ಕತ್ತರಿಸಿ ಒಂದು ತುಂಡು ಸೇರಿಸಿ ಬೆಸೆದರೆ ಆಯಿತು. ಮಿಕ್ಕ ಎರಡು ಗ್ರಾಂ ಅಂದೆವಲ್ಲ, ಅದನ್ನು ಆಚಾರ್ರ ಹತ್ತಿರ ಬಿಡಬೇಡಿ, ಒಂದು ಸಣ್ಣ ತಗಡು ಮಾಡಿಸಿ ಎತ್ತಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಉಂಗುರ ದೊಡ್ಡದು ಮಾಡುವಾಗ ಅದೇ ಬಳೆಯ ಚಿನ್ನವೇ ಸೇರುತ್ತೆ.

ಹಾಗಾದರೆ ಆಚಾರ್ರಿಗೆ ಕಳಿಸೋ ಚೀಟಿಯಲ್ಲಿ ಏನು ಬರೀಬೇಕು? ಬಲಗೈ. ಒಳವ್ಯಾಸ 17.2 ಮತ್ತು 20.0 ಮಿಲಿಮೀಟರ್. ಅಗಲ 4, ದಪ್ಪ 1.6. ಒಳಗೂ ಹೊರಗೂ ದುಂಡು, ಕಲ್ಲು ಬೇಡ. 18 ಕ್ಯಾರೆಟ್, ಬೆಳ್ಳಿ ಮತ್ತು ತಾಮ್ರ ಮಾತ್ರ. ಮಿಕ್ಕಿದ್ದು ವಾಪಸ್. ಜನವರಿಗೆ ಉಂಗುರ ತಲುಪದೇ ಹೋದರೂ ಗಾಬರಿ ಬೇಡ. ಶ್ಟಾಂಡೆಸಾಮ್ಟ್‌ನಲ್ಲಿ ಉಂಗುರ ಬದಲಾಯಿಸಲೇಬೇಕು ಅನ್ನೋ ಕಾನೂನಿಲ್ಲ, ಕೇಳೋದು ಒಪ್ಪಿಗೆ ಮತ್ತು ಸಹಿ. ಪಾಸ್‌ಪೋರ್ಟ್ ಮಾತ್ರ ಮರೀಬೇಡಿ.

ಮದುವೆಗೆ ನಮ್ಮೆಲ್ಲರ ಶುಭಾಶಯ.